ಶೀತರಕ್ತವೆಂಬ ತಪ್ಪು ಪಾಠ



ಕರಜಗಿಯ ಮಾಸ್ತರನೊಬ್ಬ ಹಾವಿನ ಪೆಟ್ಟಿಗೆಗೆ ಎಷ್ಟು ಬಿಸಿ ಬೇಕೆಂಬ ವಿಷಯದ ಮೇಲೆ ಬರೆಯಲು ಕುಳಿತಿದ್ದಾನೆಂದರೆ ನಿಮ್ಮಲ್ಲಿ ಹಲವರು ನಗುವಿರಿ. ಬೇಸಿಗೆಯಲ್ಲಿ ಪಾರಾ 43-44 ಡಿಗ್ರಿಗೆ ಏರುವ, ಮಧ್ಯಾಹ್ನದ ಹೊತ್ತು ಭೀಮಾ ನದಿಯ ಮರಳಿನ ಮೇಲೆ ಬರಿಗಾಲಿಡಲಾಗದ ಈ ಸೀಮೆಯಲ್ಲಿ ಬಿಸಿಗೇನು ಬರಗಾಲವೇ ಎಂದು ಕೇಳುವಿರಿ. ನಕ್ಕು ಮುಗಿದ ಮೇಲೆ ದಯವಿಟ್ಟು ಮುಂದೆ ಓದಿರಿ. ಇದು ನಾನು ಮೂವತ್ತನಾಲ್ಕು ವರ್ಷ ಕಲಿಸಿದ ಒಂದು ತಪ್ಪಿನ ಒಪ್ಪಿಗೆ. ಜೊತೆಗೆ, ಅದೇ ತಪ್ಪನ್ನು ಇಂದು ಹಣಕ್ಕೆ ಮಾರುತ್ತಿರುವವರ ಮೇಲೆ ನನ್ನ ತಕರಾರು.

ಕಳೆದ ಚಳಿಗಾಲದಲ್ಲಿ ಬೆಂಗಳೂರಿನಲ್ಲಿರುವ ತಮ್ಮನ ಮಗನ ಮನೆಗೆ ಹೋಗಿದ್ದೆ. ಹತ್ತನೆಯ ತರಗತಿಯಲ್ಲಿ ಓದುವ ಅವನ ಮಗ ಚಹಾ ಕುಡಿಯಲೂ ಬಿಡದೆ ನನ್ನನ್ನು ತನ್ನ ಕೋಣೆಗೆ ಎಳೆದುಕೊಂಡು ಹೋದ. ಮೂಲೆಯಲ್ಲಿ ಒಂದು ಗಾಜಿನ ಪೆಟ್ಟಿಗೆ. ಒಳಗೆ ಕಂದು ಬಣ್ಣದ ದಪ್ಪನೆಯ ಹಾವು. “ಮುತ್ಯಾ, ಹೆದರಬ್ಯಾಡ್ರಿ, ವಿಷ ಇಲ್ಲ,” ಎಂದ. ಅದು ಬಾಲ್ ಪೈಥಾನ್ ಎಂಬ ಆಫ್ರಿಕಾ ಖಂಡದ ಸಣ್ಣ ಜಾತಿಯ ಹೆಬ್ಬಾವು. ಹೆದರಿದಾಗ ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಅದಕ್ಕೆ ಆ ಹೆಸರು. ಹುಟ್ಟುಹಬ್ಬಕ್ಕೆ ಬಂದ ಉಡುಗೊರೆಯಂತೆ! 2024ರಲ್ಲಿ ಸರಕಾರದ ನಿಯಮ ಬಂದಾಗ ಅವನ ತಂದೆ ಅದರ ನೋಂದಣಿಯನ್ನೂ ಮಾಡಿಸಿದ್ದ.

ಹುಡುಗ ಅದನ್ನು ಪ್ರೀತಿಯಿಂದ ಎರಡೂ ಕೈಗಳಲ್ಲಿ ಎತ್ತಿದ. ಹೊಟ್ಟೆಯ ಭಾಗ ನನ್ನ ಕಡೆ ತಿರುಗಿತು. ಅಲ್ಲಿ ಅಂಗೈ ಅಗಲದಷ್ಟು ಜಾಗದಲ್ಲಿ ಹುರುಪೆಗಳು ಕಂದಿ, ಬೊಬ್ಬೆಯೆದ್ದು ಒಡೆದಿದ್ದವು.

“ಇದೇನಪಾ?”

“ಪೊರಿ ಬಿಡೂದಿರಬೇಕು ಮುತ್ಯಾ.”

ಪೆಟ್ಟಿಗೆಯೊಳಗೆ ಕೈಹಾಕಿದೆ. ಹಾವು ಮಲಗುವ ಜಾಗದಲ್ಲಿ ವಿದ್ಯುತ್ ತಂತಿ ಜೋಡಿಸಿದ ಒಂದು ಕೃತಕ ಕಲ್ಲಿತ್ತು. ಅದರ ಮೇಲೆ ಅಂಗೈ ಇಟ್ಟು ಮೂರು ಎಣಿಸುವುದರೊಳಗೆ ಕೈ ಹಿಂದಕ್ಕೆ ಬಂತು. “ಇದು ಎಷ್ಟು ಡಿಗ್ರಿ ಅದ?” ಎಂದೆ. “ಬೆಚ್ಚಗ ಅದ ಮುತ್ಯಾ,” ಎಂದ. ಆ ಪೆಟ್ಟಿಗೆಯಲ್ಲಿ ಕಲ್ಲಿತ್ತು, ನೀರಿನ ಬಟ್ಟಲಿತ್ತು, ಅಲಂಕಾರಕ್ಕೆ ಪ್ಲಾಸ್ಟಿಕ್ ಬಳ್ಳಿಯಿತ್ತು. ಒಂದು ಥರ್ಮಾಮೀಟರ್ ಇರಲಿಲ್ಲ. ಕಾಗದಪತ್ರ ಸರಿಯಾಗಿತ್ತು, ಹಾವಿನ ಹೊಟ್ಟೆ ಸುಟ್ಟಿತ್ತು.

ಅಂದೇ ಸಂಜೆ ಪಶುವೈದ್ಯರಲ್ಲಿಗೆ ಹೋದೆವು. ಅವರು ಗಾಯ ತೊಳೆದು, ಮನುಷ್ಯರ ಸುಟ್ಟಗಾಯಕ್ಕೂ ಹಚ್ಚುವ ಸಿಲ್ವರ್ ಸಲ್ಫಾಡಯಾಜಿನ್ ಮುಲಾಮು ಬರೆದುಕೊಟ್ಟು, ಹಾಸಿಗೆಯ ತೊಗಟೆಪುಡಿ ತೆಗೆದು ಬರೀ ಕಾಗದ ಹಾಸಲು ಹೇಳಿದರು. ಹಲವು ಬಾರಿ ಪೊರೆ ಕಳಚಿದ ಮೇಲೆಯೇ ಪೂರ್ತಿ ಗುಣವಾಗುವುದೆಂದರು. ರಾತ್ರಿ ಹುಡುಗನ ತಂದೆ, ಕಲ್ಲು ಮಾರಿದ ಅಂಗಡಿಯವನಿಗೆ ಫೋನು ಮಾಡಿದ. ಅತ್ತಲಿಂದ ಬಂದ ಉತ್ತರ ನನ್ನ ಕಿವಿಗೂ ಬಿತ್ತು: “ಸರ್, ಹಾವು ಶೀತರಕ್ತ ಪ್ರಾಣಿ. ಎಷ್ಟು ಬಿಸಿ ಕೊಟ್ಟರೂ ಸಾಲದು.”

ನನಗೆ ಕೋಪ ಬರಬೇಕಿತ್ತು, ಬಂತು ಕೂಡ. ಆದರೆ ಅದಕ್ಕಿಂತ ಮೊದಲು ನಾಚಿಕೆಯಾಯಿತು. “ಶೀತರಕ್ತ ಪ್ರಾಣಿ” ಎಂಬ ಮಾತನ್ನು ಕಪ್ಪು ಹಲಗೆಯ ಮೇಲೆ ಬರೆದು, ಕೆಳಗೆ ಗೆರೆ ಎಳೆದು, ಸಾವಿರಾರು ಮಕ್ಕಳಿಗೆ ಬಾಯಿಪಾಠ ಮಾಡಿಸಿದವನು ನಾನು.

ನಿಮ್ಮಲ್ಲಿ ಯಾರಿಗೂ ತಿಳಿಯದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. 1988ರ ಡಿಸೆಂಬರ್. ನಾನಾಗ ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದ ಉತ್ಸಾಹಿ ವಿಜ್ಞಾನ ಶಿಕ್ಷಕ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ಒಂಬತ್ತನೆಯ ತರಗತಿಯ ಹುಡುಗನೊಬ್ಬ ನದಿಯಿಂದ ಒಂದು ನೀರುಹಾವನ್ನು ಹಿಡಿದು ತಂದಿದ್ದ. ಮೀನಿನ ಗಾಜಿನ ತೊಟ್ಟಿಯಲ್ಲಿ ಅದನ್ನಿಟ್ಟೆವು. ಕಾಡುಪ್ರಾಣಿಯನ್ನು ಹೀಗೆ ಹಿಡಿದಿಡುವುದು ಸಲ್ಲದೆಂಬ ಅರಿವು ಅಂದು ಅವನಿಗಿರಲಿ, ನನಗೂ ಇರಲಿಲ್ಲ. ಸಂಜೆ ಮನೆಗೆ ಹೊರಡುವಾಗ ಅವನು ಕೇಳಿದ: “ಸರ್, ರಾತ್ರಿ ಥಂಡಿಗಿ ಸಾಯೂದಿಲ್ರಿ ಇದು?”

ಒಳ್ಳೆಯ ಪ್ರಶ್ನೆ. ಅದಕ್ಕೆ ನಾನು ಕೊಟ್ಟದ್ದು ಕೆಟ್ಟ ಉತ್ತರ. 100 ವ್ಯಾಟಿನ ಬಲ್ಬೊಂದನ್ನು ತೊಟ್ಟಿಯೊಳಗೇ ಇಳಿಬಿಡಿಸಿ, ಹಾವು ಹೊರಬರದಂತೆ ಮೇಲೆ ಹಲಗೆ ಮುಚ್ಚಿಸಿದೆ. ಮುಂಜಾನೆ ಬಂದು ನೋಡಿದಾಗ ಹಾವು ಸತ್ತಿತ್ತು. ಬಲ್ಬಿನಿಂದ ಅತಿ ದೂರದ ಮೂಲೆಯಲ್ಲಿ ಗಾಜಿಗೆ ಒತ್ತಿಕೊಂಡು ಬಿದ್ದಿತ್ತು. ಗಾಜನ್ನು ಉಜ್ಜಿ ಉಜ್ಜಿ ಅದರ ಮೂತಿ ಕಿತ್ತುಹೋಗಿತ್ತು. ಏನಾಗಿದೆಯೆಂದು ನನಗೆ ತಕ್ಷಣ ಅರ್ಥವಾಯಿತು. ಆದರೂ ಹುಡುಗ ಬಂದಾಗ, “ಪಾಪ, ಥಂಡಿ ತಾಳಲಿಲ್ಲ ನೋಡು,” ಎಂದೆ. ಅವನು ನಂಬಿದ. ಮಾಸ್ತರು ಹೇಳಿದ ಮೇಲೆ ನಂಬದೆ ಏನು ಮಾಡಿಯಾನು?

ಆ ಹುಡುಗ ಈಗ ಐವತ್ತು ದಾಟಿದ ಗೃಹಸ್ಥನಾಗಿರಬೇಕು. ಅವನು ಇದನ್ನು ಓದುತ್ತಿದ್ದರೆ ಹೇಳುತ್ತೇನೆ: ತಮ್ಮಾ, ಆ ಹಾವು ಚಳಿಯಿಂದ ಸಾಯಲಿಲ್ಲ. ನಾನು ಹಾಕಿಸಿದ ಬಲ್ಬಿನಿಂದ, ತಪ್ಪಿಸಿಕೊಳ್ಳಲು ತಾವಿಲ್ಲದೆ ಸತ್ತಿತು. ನೀನು ಕೇಳಿದ ಪ್ರಶ್ನೆ ಸರಿಯಾಗಿತ್ತು.

ಈಗ ಆ ಪದದ ವಿಚಾರಕ್ಕೆ ಬರುತ್ತೇನೆ. ಹಾವಿನ ರಕ್ತ ತಣ್ಣಗಿರುವುದಿಲ್ಲ. ಬಿಸಿಲು ಕಾಯಿಸಿಕೊಂಡ ಹಾವಿನ ರಕ್ತ ಹೆಚ್ಚುಕಡಿಮೆ ನಮ್ಮ ರಕ್ತದಷ್ಟೇ ಬೆಚ್ಚಗಿರಬಹುದು. ನಸುಕಿನಲ್ಲಿ ಬಿಲದಿಂದ ಹೊರಟಾಗ ಅದೇ ಹಾವು ಮಣ್ಣಿನಷ್ಟು ತಂಪಾಗಿರಬಹುದು. ನಾವು ತಿಂದ ರೊಟ್ಟಿಯಿಂದ ನಮ್ಮ ದೇಹವೇ ಶಾಖ ಹುಟ್ಟಿಸಿಕೊಂಡು 37 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಹಾವು ಆ ಶಾಖವನ್ನು ಹೊರಗಿನಿಂದ, ಅಂದರೆ ಬಿಸಿಲು, ಕಲ್ಲು, ಮಣ್ಣುಗಳಿಂದ ಪಡೆಯುತ್ತದೆ. ವ್ಯತ್ಯಾಸವಿರುವುದು ಶಾಖ ಬರುವ ದಾರಿಯಲ್ಲಿ. ಹೆಬ್ಬಾವಿನ ವಿಷಯದಲ್ಲಂತೂ ಈ ಪದ ಇನ್ನೂ ಹಾಸ್ಯಾಸ್ಪದ. ನಮ್ಮ ದೇಶದ ಹೆಣ್ಣು ಹೆಬ್ಬಾವು ಮೊಟ್ಟೆಗಳ ಸುತ್ತ ಸುತ್ತಿಕೊಂಡು, ಸ್ನಾಯುಗಳನ್ನು ಮತ್ತೆ ಮತ್ತೆ ಅದುರಿಸಿ ತಾನೇ ಶಾಖ ಹುಟ್ಟಿಸಿ ಕಾವು ಕೊಡುತ್ತದೆ. ಅಂಥ ತಾಯಿಯನ್ನು ಶೀತರಕ್ತದವಳೆಂದು ಕರೆದವರು ನಾವು!

“ಪದ ಯಾವುದಾದರೇನು ಸರ್, ಅರ್ಥ ತಿಳಿದರೆ ಸಾಲದೇ?” ಎನ್ನಬೇಡಿರಿ. ಪದ ತಪ್ಪಾದುದರಿಂದಲೇ ಅರ್ಥ ತಪ್ಪಿತು. ಶೀತರಕ್ತವೆಂದಾಗ ಒಬ್ಬನು, ಅದಕ್ಕೆ ಬಿಸಿಯೇ ಬೇಡವೆಂದು ತಿಳಿಯುತ್ತಾನೆ. ಇನ್ನೊಬ್ಬನು, ಎಷ್ಟು ಬಿಸಿ ಸುರಿದರೂ ಸಾಲದೆಂದು ತಿಳಿಯುತ್ತಾನೆ. ಇಬ್ಬರೂ ಹಾವನ್ನು ಕೊಲ್ಲುತ್ತಾರೆ. ಮೊದಲನೆಯವನು ತಿಂಗಳುಗಟ್ಟಲೆ ತೆಗೆದುಕೊಂಡು, ಎರಡನೆಯವನು ಒಂದೇ ರಾತ್ರಿಯಲ್ಲಿ.

ಶಾಲೆಯ ಮೆಟ್ಟಿಲು ಹತ್ತದ ನಮ್ಮ ರೈತನಿಗೆ ಈ ವಿಷಯ ನಮಗಿಂತ ಚೆನ್ನಾಗಿ ಗೊತ್ತು. ಚಳಿಗಾಲದಲ್ಲಿ ಹೊತ್ತೇರಿದ ಮೇಲೆ ಬದುವಿನ ಮೇಲೆ ಮೈಚಾಚಿ ಬಿಸಿಲು ಕಾಯಿಸುವ ಹಾವು, ಬೇಸಿಗೆಯಲ್ಲಿ ಹಗಲಿಡೀ ಬಿಲ ಸೇರಿ ರಾತ್ರಿ ಹೊರಬೀಳುವುದೆಂದು ಅವನು ಕಂಡಿದ್ದಾನೆ. ಹಾವಿನ ಶಾಖದ ಲೆಕ್ಕ ತಿಳಿದವನು ಯಾವ ಕಾಲದಲ್ಲಿ ಎಲ್ಲಿ ಕಾಲಿಡಬಾರದೆಂದೂ ತಿಳಿದಿರುತ್ತಾನೆ. ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು 2024ರಲ್ಲಿ ಕರ್ನಾಟಕ ಸರಕಾರ ಆದೇಶಿಸಿತು. ಅಂಥ ನಾಡಿನಲ್ಲಿ ಇದು ಶೋಕಿಯವರ ವಿಷಯವೆಂದು ತಳ್ಳಿಹಾಕುವಂತಿಲ್ಲ.

ಬದುವಿನ ಮೇಲಿನ ಆ ಹಾವನ್ನು ಮತ್ತೊಮ್ಮೆ ನೆನೆಯಿರಿ. ಅದರ ಒಂದು ಪಕ್ಕದಲ್ಲಿ ಕಾದ ಕಲ್ಲು, ಇನ್ನೊಂದು ಪಕ್ಕದಲ್ಲಿ ಬೇವಿನ ನೆರಳು, ಕೆಳಗೆ ತಂಪು ಬಿಲ. ಬೇಟೆ ನುಂಗಿದಾಗ ಅದು ಬಿಸಿಲಿಗೆ ಬರುತ್ತದೆ, ಏಕೆಂದರೆ ಮೈ ಬೆಚ್ಚಗಾಗದೆ ಅನ್ನ ಅರಗದು. ಬಿಸಿ ಹೆಚ್ಚಾದಾಗ ನೆರಳಿಗೆ ಸರಿಯುತ್ತದೆ. ದಿನಕ್ಕೆ ಹತ್ತಾರು ಬಾರಿ ಅದು ತನ್ನ ಜಾಗವನ್ನು ತಾನೇ ಆರಿಸಿಕೊಳ್ಳುತ್ತದೆ. ಪೆಟ್ಟಿಗೆಯಲ್ಲಿಟ್ಟಾಗ ನಾವು ಅದರಿಂದ ಕಸಿದುಕೊಳ್ಳುವುದು ಈ ಆಯ್ಕೆಯನ್ನು. ಆದುದರಿಂದ ಸರಿಯಾದ ಶಾಖವೆಂದರೆ ಹೆಚ್ಚು ಶಾಖವೆಂದಲ್ಲ. ಪೆಟ್ಟಿಗೆಯ ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಂಪಾಗಿ, ನಡುವೆ ಕ್ರಮವಾದ ಇಳಿತ. ಎರಡೂ ತುದಿಗಳಲ್ಲಿ ಅಡಗಲು ಒಂದೊಂದು ಗೂಡು. ಇಲ್ಲವಾದರೆ ಅಂಜುಬುರುಕ ಹಾವು ಮರೆಗಾಗಿ ಶಾಖವನ್ನೋ, ಶಾಖಕ್ಕಾಗಿ ಮರೆಯನ್ನೋ ಬಿಡಬೇಕಾಗುತ್ತದೆ.

ಬಾಲ್ ಪೈಥಾನ್‌ಗೆ ಬೆಚ್ಚನೆಯ ತುದಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ತಂಪು ತುದಿ 25ರಿಂದ 27 ಡಿಗ್ರಿ ಇರಬೇಕು. ಅಮೆರಿಕದಲ್ಲಿರುವ ನನ್ನ ವಿದ್ಯಾರ್ಥಿಯೊಬ್ಬನ ಮಗಳು ಸಾಕಿರುವ ಕಾರ್ನ್ ಸ್ನೇಕ್ ಎಂಬ ಅಲ್ಲಿಯದೇ ಹಾವಿಗೆ ಇದಕ್ಕಿಂತ ತುಸು ಕಡಿಮೆ ಸಾಕು: ಬೆಚ್ಚನೆಯ ತುದಿ 30ರ ಆಸುಪಾಸು, ತಂಪು ತುದಿ 22ರಿಂದ 25. ಒಂದು ಹಾವಿನ ಅಂಕಿ ಇನ್ನೊಂದಕ್ಕೆ ಹೊಂದದು. ಶಾಖ ಕಡಿಮೆಯಾದರೆ ನುಂಗಿದ ಬೇಟೆ ಹೊಟ್ಟೆಯಲ್ಲಿ ಅರಗದೆ ಕೊಳೆಯುತ್ತದೆ, ಹಾವು ಅದನ್ನು ಕಾರಿಕೊಳ್ಳುತ್ತದೆ. ಉಸಿರಾಟದ ಸೋಂಕು ತಗಲಿ ಮೂಗು ಬಾಯಿಗಳಲ್ಲಿ ಗುಳ್ಳೆಯೇಳುತ್ತದೆ. ಶಾಖ ಹೆಚ್ಚಾದರೆ ಏನಾಗುವುದೆಂದು ನಾನು ಎರಡು ಸಲ ಕಣ್ಣಾರೆ ಕಂಡಿದ್ದೇನೆ.

ಇಷ್ಟು ಹೇಳಿದೊಡನೆ ಎದ್ದು ಬರುವ ಆಕ್ಷೇಪಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ.

“ಬಿಸಿ ಹೆಚ್ಚಾದರೆ ಹಾವು ತಾನೇ ಸರಿದುಕೊಳ್ಳುತ್ತದಲ್ಲವೇ?” ಅಂಗಡಿಯವನ ಎರಡನೆಯ ವಾದವೇ ಇದು. ಮಾಘದ ಚಳಿಯಲ್ಲಿ ಹೊಲದ ಕಾವಲಿಗೆ ಹೋಗಿ ಬೆಂಕಿ ಕಾಯಿಸಿದವರಿಗೆ ಇದರ ಉತ್ತರ ಗೊತ್ತು. ಎದೆ ಸುಡುತ್ತಿರುತ್ತದೆ, ಬೆನ್ನು ನಡುಗುತ್ತಿರುತ್ತದೆ. ಆದರೂ ಬೆಂಕಿ ಬಿಟ್ಟು ಏಳುವುದಿಲ್ಲ. ಪೆಟ್ಟಿಗೆಯ ಗಾಳಿಯೆಲ್ಲ ತಣ್ಣಗಿದ್ದು ಒಂದು ಕಲ್ಲು ಮಾತ್ರ ಕಾದಿದ್ದರೆ ಹಾವಿನ ಸ್ಥಿತಿಯೂ ಅದೇ. ಇಡೀ ಮೈ ಬೆಚ್ಚಗಾಗಲಿಲ್ಲವೆಂದು ಅದು ಅಲ್ಲಿಯೇ ಉಳಿಯುತ್ತದೆ. ಅಷ್ಟರಲ್ಲಿ ಹೊಟ್ಟೆ ಬೇಯುತ್ತದೆ. ಪ್ರಕೃತಿಯಲ್ಲಿ ಸುಡುವ ಬಿಸಿ ಬರುವುದು ಮೇಲಿನ ಸೂರ್ಯನಿಂದ. ಹೊಟ್ಟೆಯ ಕೆಳಗಿನ ಕೆಂಡದಿಂದ ಪಾರಾಗುವ ಪಾಠ ಹಾವಿನ ಕುಲಕ್ಕೆ ಆಗಿಲ್ಲ.

“ರಾತ್ರಿಗೆ ಕೆಂಪು ಬಲ್ಬು ಹಾಕಿದರಾಯಿತು, ಹಾವಿಗೆ ಕೆಂಪು ಕಾಣದು.” ಬಾಲ್ ಪೈಥಾನ್‌ನ ತುಟಿಗಳ ಮೇಲೆ ಶಾಖವನ್ನೇ ಗ್ರಹಿಸುವ ಗುಳಿಗಳಿವೆ. ಅಂಥ ಪ್ರಾಣಿಯ ತಲೆಯ ಮೇಲೆ ಇರುಳಿಡೀ ಬಲ್ಬು ಉರಿಸಿ, ಅದಕ್ಕೇನೂ ತಿಳಿಯದೆನ್ನುವುದು ಯಾವ ನ್ಯಾಯ? ಹಗಲು ಹಗಲಾಗಿ, ಇರುಳು ಇರುಳಾಗಿ ಇರಬೇಕು. ರಾತ್ರಿ ಶಾಖ ಬೇಕಿದ್ದರೆ ಬೆಳಕು ಸೂಸದ ಉಪಕರಣ ಬಳಸಬೇಕು.

“ನಮ್ಮದು ಬಿಸಿಲನಾಡು, ಇಲ್ಲಿ ಇದೆಲ್ಲ ಏಕೆ?” ಬೆಂಗಳೂರಿನ ಜನವರಿಯ ರಾತ್ರಿ 15 ಡಿಗ್ರಿಗೆ ಇಳಿಯುವುದುಂಟು, ಅಲ್ಲಿ ಶಾಖ ಬೇಕೇ ಬೇಕು. ಕಲಬುರಗಿಯ ಮೇ ತಿಂಗಳಲ್ಲಿ ಪ್ರಶ್ನೆ ತಿರುವುಮುರುವಾಗುತ್ತದೆ. ಕೋಣೆಯೇ 40 ಡಿಗ್ರಿ ಇದ್ದಾಗ ಪೆಟ್ಟಿಗೆಯ ತಂಪು ತುದಿಯೂ 40 ಡಿಗ್ರಿ! ಆಗ ಶಾಖದ ಗುಂಡಿ ಆರಿಸಿದರೆ ಸಾಲದು. ತಂಪನ್ನು ಎಲ್ಲಿಂದ ತರುವಿರಿ? ಕಿಟಕಿಯ ಬಿಸಿಲಿಗಿಟ್ಟ ಗಾಜಿನ ಪೆಟ್ಟಿಗೆ ಹಾವಿಗೆ ಬೇಯಿಸುವ ಪಾತ್ರೆ. ಅಂಥ ಸ್ಥಳದಲ್ಲಿ ಆಫ್ರಿಕಾದ ಹಾವನ್ನು ಸಾಕುವೆನೆಂಬುವನು ಮೊದಲು ಆ ಒಂದು ಬೇಸಿಗೆಯ ಲೆಕ್ಕ ಕೊಡಲಿ.

“ಥರ್ಮೋಸ್ಟಾಟ್ ದುಬಾರಿ.” ಹಾವಿಗೆ ಸಾವಿರಾರು ರೂಪಾಯಿ ಸುರಿದವನ ಬಾಯಲ್ಲಿ ಈ ಮಾತು ಶೋಭಿಸದು. ಇಸ್ತ್ರಿ ಪೆಟ್ಟಿಗೆಯಲ್ಲಿಯೂ ಶಾಖ ಮಿತಿಮೀರದಂತೆ ತಡೆಯುವ ಸಾಧನವಿದೆ. ಬಟ್ಟೆಗೆ ಕೊಟ್ಟ ಕಾಳಜಿಯನ್ನು ಜೀವಕ್ಕೆ ಕೊಡಲಾಗದೇ? ಶಾಖ ಕೊಡುವ ಪ್ರತಿಯೊಂದು ಉಪಕರಣ, ಅದು ಬಲ್ಬಿರಲಿ ಹಾಸಿರಲಿ, ಥರ್ಮೋಸ್ಟಾಟ್ ಮೂಲಕವೇ ಉರಿಯಬೇಕು. ಅದರ ತಂತಿಯ ತುದಿ ಗೋಡೆಯ ಮೇಲಲ್ಲ, ಹಾವು ಮಲಗುವ ಜಾಗದಲ್ಲಿರಬೇಕು. ಅದನ್ನೂ ನಂಬಿ ಕೂಡದೆ ಎರಡು ತುದಿಗಳಲ್ಲಿ ಎರಡು ಬೇರೆ ಥರ್ಮಾಮೀಟರ್‌ಗಳನ್ನು ಇಡಬೇಕು. ಬಲ್ಬಿಗೆ ಹಾವು ತಾಕದಂತೆ ತಂತಿಯ ಬಲೆ ಕಟ್ಟಬೇಕು. ಆ ಕೃತಕ ಕಲ್ಲನ್ನು ಕಸದ ಬುಟ್ಟಿಗೆ ಹಾಕಬೇಕು. ಕರೆಂಟು ಹೋದ ಚಳಿರಾತ್ರಿಯಲ್ಲಿ ಗಾಳಿಯ ಕಿಂಡಿ ಬಿಟ್ಟು ಪೆಟ್ಟಿಗೆಗೆ ಕಂಬಳಿ ಹೊದಿಸಿದರೆ ಕೆಲವು ತಾಸು ಶಾಖ ಉಳಿಯುತ್ತದೆ. ಅಂಗೈಯಿಟ್ಟು “ಬೆಚ್ಚಗ ಅದ” ಎನ್ನುವುದು ಅಳತೆಯಲ್ಲ. ನಮ್ಮ ಅಂಗೈಗೆ 33 ಡಿಗ್ರಿಯ ಕಲ್ಲು ಬಿಸಿಯೆನಿಸುವುದೇ ಇಲ್ಲ. ನಮ್ಮ ಕೈಗೆ ಹಿತವಾದ ಬಿಸಿ ಹಾವಿಗೆ ಆಗಲೇ ಅತಿಯಾಗಿರುತ್ತದೆ.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಮಧುರವಾದುದು: “ಅಂತಃಕರಣವಿದ್ದರೆ ಸಾಕು ಸರ್, ಲೆಕ್ಕವೇಕೆ?” ಅಂತಃಕರಣ ನಮ್ಮಲ್ಲಿ ಎಂದಿಗೂ ಕಡಿಮೆಯಿರಲಿಲ್ಲ. ಪಂಚಮಿ ಹಬ್ಬಕ್ಕೆ ಹಾವಾಡಿಗನ ಬುಟ್ಟಿಯ ಮುಂದೆ ಹಾಲಿನ ಬಟ್ಟಲಿಟ್ಟ ನಮ್ಮ ಅವ್ವಂದಿರಿಗೆ ಕರುಣೆ ಕಡಿಮೆಯಿತ್ತೇ? ಆದರೆ ಹಾಲು ಹಾವಿನ ಆಹಾರವಲ್ಲ. ದಿನಗಟ್ಟಲೆ ನೀರಿಲ್ಲದೆ ಬಾಯಾರಿದ ಹಾವು ಸಿಕ್ಕಿದ್ದನ್ನು ಕುಡಿಯುತ್ತದೆ, ಮುಂದೆ ಅದರಿಂದಲೇ ನರಳುತ್ತದೆ. 1988ರಲ್ಲಿ ಬಲ್ಬು ಹಾಕಿಸಿದಾಗ ನನ್ನಲ್ಲಿಯೂ ಕರುಣೆಯೇ ಇತ್ತು. ಬೆಂಗಳೂರಿನ ನಮ್ಮ ಹುಡುಗನಲ್ಲಿ ಅದು ಕೊಡದಷ್ಟಿತ್ತು. ಅಳತೆಯಿಲ್ಲದ ಕರುಣೆ ಮೂರೂ ಕಡೆ ಮಾಡಿದ ಕೆಲಸ ಒಂದೇ.

ಇದಕ್ಕೆ ಎದುರಾಗಿ ಚೆನ್ನೈ ಬಳಿಯ ಇರುಳ ಸಮುದಾಯದವರನ್ನು ನೋಡಿರಿ. 1978ರಲ್ಲಿ ಸ್ಥಾಪನೆಯಾದ ಅವರ ಸಹಕಾರ ಸಂಘವು ಪ್ರತಿವಿಷದ ತಯಾರಿಕೆಗಾಗಿ ಹಾವುಗಳ ವಿಷ ತೆಗೆಯುತ್ತದೆ. ಹಿಡಿದ ಹಾವನ್ನು ಮರಳು ತುಂಬಿದ ಮಣ್ಣಿನ ಮಡಕೆಯಲ್ಲಿಟ್ಟು, ಬಾಯಿಗೆ ಹತ್ತಿಬಟ್ಟೆ ಕಟ್ಟಿ, ನೆರಳಿನಲ್ಲಿರಿಸುತ್ತಾರೆ. ಕೆಲವು ವಾರಗಳ ನಂತರ ಮರಳಿ ಕಾಡಿಗೆ ಬಿಡುತ್ತಾರೆ. ಅಲ್ಲಿ ಯಂತ್ರವಿಲ್ಲ, ಮಿನುಗುವ ಗಾಜಿಲ್ಲ. ಹಾವಿಗೆ ಏನು ಬೇಕು, ಎಷ್ಟು ದಿನ ಬೇಕೆಂಬ ತಿಳಿವಳಿಕೆ ಇದೆ. ಉಪಕರಣಕ್ಕಿಂತ ಮೊದಲು ಬೇಕಾದುದು ಅದು.

ಹಾಗಾದರೆ ಎಲ್ಲರೂ ಥರ್ಮಾಮೀಟರ್ ಕೊಂಡು ಹಾವು ಸಾಕಿರೆಂದು ನಾನು ಹೇಳುತ್ತಿದ್ದೇನೆಯೇ? ಇಲ್ಲ. ಸಾಕಬೇಡಿರೆಂದೇ ನನ್ನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ನಮ್ಮ ನಾಗರ, ಕೇರೆ, ಹೆಬ್ಬಾವು ಮೊದಲಾದವನ್ನು ಹಿಡಿದು ಮನೆಯಲ್ಲಿಡುವುದು ಅಪರಾಧ. ಅದೃಷ್ಟ ತರುವುದೆಂಬ ಮೂಢನಂಬಿಕೆಯಿಂದ ಮಣ್ಣುಮುಕ್ಕ ಹಾವನ್ನು ಲಕ್ಷಗಳ ಬೆಲೆಗೆ ಕದ್ದು ಮಾರುವವರೂ ಇದೇ ಕಾಯಿದೆಗೆ ಸಿಕ್ಕಿ ಜೈಲು ಕಾಣುತ್ತಾರೆ. ವಿದೇಶಿ ಹಾವುಗಳ ವಿಷಯದಲ್ಲಿ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. 2024ರ ಫೆಬ್ರವರಿಯಲ್ಲಿ ನೋಂದಣಿಯ ನಿಯಮಗಳು ಪ್ರಕಟವಾದವು. ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಬಾಲ್ ಪೈಥಾನ್‌ನಂಥ ಪ್ರಾಣಿಯನ್ನು ಇಟ್ಟುಕೊಂಡವರು ಪರಿವೇಶ್ ಜಾಲತಾಣದಲ್ಲಿ ತಿಳಿಸಿ ನೋಂದಾಯಿಸಲೇಬೇಕು. ಒಳ್ಳೆಯದೇ. ಆದರೆ ನೋಂದಣಿಯ ಕಾಗದದಿಂದ ಪೆಟ್ಟಿಗೆ ಬೆಚ್ಚಗಾಗದು, ತಂಪೂ ಆಗದು.

ಇನ್ನು ಈ ಹಾವುಗಳು ಬರುವ ದಾರಿ. 2023ರ ಆಗಸ್ಟ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕನ ಟ್ರಾಲಿ ಚೀಲದಲ್ಲಿ 234 ಪ್ರಾಣಿಗಳು ಸಿಕ್ಕವು. ಅವುಗಳಲ್ಲಿ ಹೆಬ್ಬಾವುಗಳೂ ಇದ್ದವು. ಕಾಂಗರೂ ಮರಿಯೊಂದು ಉಸಿರುಕಟ್ಟಿ ಸತ್ತಿತ್ತು. 2024ರ ಏಪ್ರಿಲ್‌ನಲ್ಲಿ ಅದೇ ನಿಲ್ದಾಣದಲ್ಲಿ, ಅದೇ ಬ್ಯಾಂಕಾಕ್‌ನಿಂದ ಬಂದ ಚೀಲದಲ್ಲಿ ಹತ್ತು ಹಳದಿ ಅನಕೊಂಡಗಳು. ಅಂಗಡಿಯಲ್ಲಿ ಮಿನುಗುವ ಹಾವನ್ನು ಕಂಡಾಗ ಈ ಚೀಲಗಳನ್ನೊಮ್ಮೆ ನೆನೆಯಿರಿ.

ಆದರೂ ಈಗಾಗಲೇ ಮನೆಯೊಳಗೆ ಬಂದ ಜೀವವನ್ನು ಏನು ಮಾಡುವುದು? ಆಫ್ರಿಕಾದ ಹಾವನ್ನು ನಮ್ಮ ಕಾಡಿಗೆ ಬಿಡುವಂತಿಲ್ಲ. ಬಿಟ್ಟರೆ ಒಂದೋ ಅದು ಸಾಯುತ್ತದೆ, ಇಲ್ಲವೇ ಇಲ್ಲಿಯ ಜೀವಿಗಳಿಗೆ ರೋಗ ತಗಲಿಸುತ್ತದೆ. ಅದು ಇರುವಷ್ಟು ಕಾಲ ಸರಿಯಾಗಿ ಇಟ್ಟುಕೊಳ್ಳುವುದೊಂದೇ ದಾರಿ. ಬಾಲ್ ಪೈಥಾನ್‌ನ ಆಯುಷ್ಯ ಇಪ್ಪತ್ತರಿಂದ ಮೂವತ್ತು ವರ್ಷ. ಹುಡುಗ ಕಾಲೇಜು ಮುಗಿಸಿ, ನೌಕರಿ ಹಿಡಿದು, ಮದುವೆಯಾಗಿ, ತನ್ನ ಮಕ್ಕಳನ್ನು ಶಾಲೆಗೆ ಕಳಿಸುವ ಹೊತ್ತಿಗೂ ಅದು ಇರುತ್ತದೆ. ಇದನ್ನು ಹುಟ್ಟುಹಬ್ಬದ ಉಡುಗೊರೆಯೆಂದು ಕೊಟ್ಟವರು ಎಷ್ಟು ವರ್ಷದ ದುಡಿಮೆಯನ್ನು ಉಡುಗೊರೆ ಕೊಟ್ಟೆವೆಂದು ಯೋಚಿಸಿದ್ದರೇ?

ನನ್ನ ಬೇಡಿಕೆಗಳು ದೊಡ್ಡವಲ್ಲ. ಥರ್ಮೋಸ್ಟಾಟ್ ಇಲ್ಲದೆ ಶಾಖದ ಉಪಕರಣ ಮಾರುವುದನ್ನು ಅಂಗಡಿಯವರು ನಿಲ್ಲಿಸಲಿ. ಜೀವವನ್ನು ಉಡುಗೊರೆ ಕೊಡುವುದನ್ನು ತಂದೆತಾಯಿಗಳು ನಿಲ್ಲಿಸಲಿ. ವಿಜ್ಞಾನ ಪ್ರದರ್ಶನಕ್ಕೆ ಕಾಡುಜೀವಿ ತರಿಸುವುದನ್ನು ನನ್ನ ಕಿರಿಯ ಶಿಕ್ಷಕ ಬಂಧುಗಳು ನಿಲ್ಲಿಸಲಿ. ಜೊತೆಗೆ “ಶೀತರಕ್ತ” ಎಂಬ ಪದವನ್ನು ಹಲಗೆಯಿಂದ ಒರೆಸಿ “ಬಾಹ್ಯತಾಪಿ” ಎಂದು ಬರೆಯಲಿ. ಹೊರಗಿನ ಶಾಖದಿಂದ ಬದುಕುವುದು ಎಂದು ಬಿಡಿಸಿ ಹೇಳಲಿ. ನನ್ನ ಪರೀಕ್ಷೆಯಲ್ಲಿ “ಹಾವು ಶೀತರಕ್ತ ಪ್ರಾಣಿ” ಎಂದು ಬರೆದು ಅಂಕ ಪಡೆದವರೇ, ಆ ಅಂಕ ನಿಮ್ಮಲ್ಲಿಯೇ ಇರಲಿ. ತಪ್ಪು ನಿಮ್ಮದಲ್ಲ, ಉತ್ತರಪತ್ರಿಕೆಯ ಮೇಲೆ ಸರಿ ಗುರುತು ಹಾಕಿದವನದು.

ಬೆಂಗಳೂರಿನ ಹುಡುಗ ಈಗ ಪ್ರತಿ ಭಾನುವಾರ ನನಗೆ ಎರಡು ಅಂಕಿಗಳನ್ನು ಕಳಿಸುತ್ತಾನೆ; ಬೆಚ್ಚನೆಯ ತುದಿಯದೊಂದು, ತಂಪು ತುದಿಯದೊಂದು. ಬೇರೆ ಮಾತಿರುವುದಿಲ್ಲ. ಹಾವು ಎರಡು ಸಲ ಪೊರೆ ಬಿಟ್ಟಿದೆ. ಹೊಟ್ಟೆಯ ಗಾಯ ಅರ್ಧ ಮಾಸಿದೆ, ಕಲೆ ಉಳಿಯುವುದೆಂದು ವೈದ್ಯರು ಹೇಳಿದ್ದಾರಂತೆ. “ಇದಾದ ಮ್ಯಾಲ ಇನ್ನೊಂದು ತರೂದಿಲ್ಲ ಮುತ್ಯಾ,” ಎಂದು ಅವನೇ ಹೇಳಿದ. ಕಳೆದ ಭಾನುವಾರದ ಅಂಕಿಗಳು 32 ಮತ್ತು 26. ಅವನ್ನು ನನ್ನ ಹಳೆಯ ಹಾಜರಿ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೇನೆ. 1988ರ ಡಿಸೆಂಬರ್‌ನಲ್ಲಿ ಬರೆಯಬೇಕಿದ್ದ ಅಂಕಿಗಳು ಅವು.

ಇಂತಿ ನಿಮ್ಮ ಮಾಸ್ತರ,
ಕರಜಗಿ